ಬಾವುಟಗುಡ್ಡೆಯಿಂದ ಬಂದರಿನವರೆಗೆ: ಬೇಹುಗಾರರು, ಬಂಡಾಯಗಾರರು ಮತ್ತು ನಿಮ್ಮ ಪ್ರಶ್ನೆಗಳು

ಊರಿನ ಇತಿಹಾಸವನ್ನು ನಡೆದುಕೊಂಡೇ ನೋಡುವುದರ ಬಗ್ಗೆ ಈ ಸಲ ತುಂಬಾ ಪತ್ರಗಳು ಬಂದಿವೆ. ಅದರಲ್ಲೂ ಯುದ್ಧಕಾಲದ ಬೇಹುಗಾರರು, ಕ್ರಾಂತಿಕಾರಿಗಳು ಅಂದರೆ ಎಲ್ಲರಿಗೂ ಕಿವಿ ನೆಟ್ಟಗಾಗುತ್ತದೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಇವನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮಗ ಲಿಸ್ಬನ್‌ನಲ್ಲಿ ಕೆಲಸದಲ್ಲಿದ್ದಾನೆ. ನಾವು ಹೋದಾಗ ಗೈಡ್ ಜೊತೆ ನಡೆದು ಊರು ನೋಡುವ ಒಂದು ಟೂರಿಗೆ ಕರೆದುಕೊಂಡು ಹೋದ. ಎರಡನೇ ಮಹಾಯುದ್ಧದ ಬೇಹುಗಾರರ ಕಥೆ, ಅದರ ಬೆನ್ನಿಗೇ 1974ರ ಕ್ರಾಂತಿಯ ಕಥೆ. ಕೇಳಲು ಚಂದ ಉಂಟು. ಆದರೆ ಯುದ್ಧವನ್ನೇ ಮಾಡದ ಊರಿನಲ್ಲಿ ಅಷ್ಟು ಬೇಹುಗಾರರು ಯಾಕೆ ಸೇರಿದ್ದರು? ಗೈಡ್ ಹೇಳಿದ್ದರಲ್ಲಿ ನಿಜ ಎಷ್ಟು?
ನಿವೃತ್ತ ಬ್ಯಾಂಕ್ ಉದ್ಯೋಗಿ, ಕದ್ರಿ

ಉತ್ತರ: ಯುದ್ಧ ಮಾಡದೇ ಇದ್ದದ್ದಕ್ಕೇ ಸೇರಿದ್ದರು ಅಮ್ಮ. ಸರ್ವಾಧಿಕಾರಿ ಸಲಾಝಾರ್ ಆಡಳಿತದ ಪೋರ್ಚುಗಲ್ ಯಾರ ಕಡೆಗೂ ಸೇರದೆ ತಟಸ್ಥವಾಗಿತ್ತು. ಲಿಸ್ಬನ್ನಿಗೆ ಲಂಡನ್ನಿಂದಲೂ ವಿಮಾನ ಬರುತ್ತಿತ್ತು, ಬರ್ಲಿನ್ನಿಂದಲೂ ಬರುತ್ತಿತ್ತು. ಹಿಟ್ಲರನಿಂದ ತಪ್ಪಿಸಿಕೊಂಡು ಬಂದ ಸಾವಿರಾರು ಜನ ಅಮೆರಿಕದ ಹಡಗಿಗಾಗಿ ಅಲ್ಲೇ ಕಾಯುತ್ತಿದ್ದರು. ಆಯುಧ ತಯಾರಿಸಲು ಬೇಕಾದ ಟಂಗ್‌ಸ್ಟನ್ ಅದಿರನ್ನು ಪೋರ್ಚುಗಲ್ ಎರಡೂ ಕಡೆಯವರಿಗೆ ಮಾರುತ್ತಿತ್ತು. ಇಂಥ ಜಾಗದಲ್ಲಿ ಸುದ್ದಿಗೆ ಒಳ್ಳೆ ಬೆಲೆ ಸಿಗುತ್ತದೆ. ಸುದ್ದಿ ಇಲ್ಲದವರು ಸುದ್ದಿ ಹುಟ್ಟಿಸುತ್ತಾರೆ ಕೂಡ.

ಹಾಗೆ ಹುಟ್ಟಿಸಿದವರಲ್ಲಿ ದೊಡ್ಡ ಹೆಸರು ಹುವಾನ್ ಪುಜೋಲ್ ಎಂಬ ಸ್ಪೇನ್ ದೇಶದವರದು. ನಿಮ್ಮ ಗೈಡ್ ಇವರ ಕಥೆ ಹೇಳಿಯೇ ಇರುತ್ತಾರೆ. 1941ರಲ್ಲಿ ಇವರು ಜರ್ಮನರಿಗೆ, ನಾನು ಇಂಗ್ಲೆಂಡಿಗೆ ಹೋಗಿ ನಿಮಗೆ ಸುದ್ದಿ ಕಳಿಸುತ್ತೇನೆ ಅಂತ ನಂಬಿಸಿದರು. ಹೋಗಲೇ ಇಲ್ಲ. ಲಿಸ್ಬನ್‌ನಲ್ಲೇ ಕೂತು, ಪ್ರವಾಸಿ ಕೈಪಿಡಿ, ನಕ್ಷೆ, ರೈಲ್ವೆ ವೇಳಾಪಟ್ಟಿ ನೋಡಿಕೊಂಡು ಇಂಗ್ಲೆಂಡಿನ ವರದಿ ಬರೆದರು. ಗ್ಲಾಸ್ಗೋ ಬಂದರಿನ ಕೂಲಿಗಳು ಒಂದು ಲೀಟರ್ ವೈನ್ ಕೊಟ್ಟರೆ ಏನು ಬೇಕಾದರೂ ಮಾಡುತ್ತಾರೆ ಅಂತ ಒಂದು ವರದಿಯಲ್ಲಿ ಬರೆದುಬಿಟ್ಟಿದ್ದರು. ಸ್ಕಾಟ್ಲೆಂಡಿನ ಕೂಲಿಗಳು ವೈನ್ ಕುಡಿಯುವವರಲ್ಲ, ಅಲ್ಲಿ ಲೀಟರ್ ಲೆಕ್ಕವೂ ಇರಲಿಲ್ಲ. ಆದರೂ ಜರ್ಮನರು ನಂಬಿದರು. 1942ರಲ್ಲಿ ಬ್ರಿಟಿಷರು ಇವರನ್ನು ತಮ್ಮ ಬೇಹುಗಾರರನ್ನಾಗಿ ಮಾಡಿಕೊಂಡು ನಿಜವಾಗಿಯೇ ಇಂಗ್ಲೆಂಡಿಗೆ ಕರೆಸಿಕೊಂಡರು. 1944ರಲ್ಲಿ ಮಿತ್ರಸೇನೆ ಫ್ರಾನ್ಸಿನ ನಾರ್ಮಂಡಿಯಲ್ಲಿ ಇಳಿದಾಗ, ಇದು ಬರೀ ನಾಟಕ, ಮುಖ್ಯ ದಾಳಿ ಕ್ಯಾಲೆ ಕಡೆ ಆಗುತ್ತದೆ ಎಂದು ಜರ್ಮನರನ್ನು ನಂಬಿಸಿದವರಲ್ಲಿ ಪುಜೋಲ್ ಮುಖ್ಯರು. ಎರಡೂ ಕಡೆಯಿಂದ ಪದಕ ಬಂತು.

ಇನ್ನು 1974ರ ವಿಷಯ. ಏಪ್ರಿಲ್ 25ರಂದು ಯುವ ಸೈನ್ಯಾಧಿಕಾರಿಗಳು ಸರ್ವಾಧಿಕಾರವನ್ನು ಉರುಳಿಸಿದರು. ಆಫ್ರಿಕಾದಲ್ಲಿ ಪೋರ್ಚುಗಲ್ಲಿನ ವಸಾಹತುಗಳಾದ ಅಂಗೋಲಾ, ಮೊಜಾಂಬಿಕ್, ಗಿನಿಯಲ್ಲಿ ಹದಿಮೂರು ವರ್ಷದಿಂದ ಎಳೆದಾಡುತ್ತಿದ್ದ ಯುದ್ಧ ಅವರಿಗೆ ಸಾಕಾಗಿ ಹೋಗಿತ್ತು. ಜನ ಸೈನಿಕರ ಬಂದೂಕಿನ ನಳಿಗೆಗೆ ಕಾರ್ನೇಷನ್ ಹೂ ಸಿಕ್ಕಿಸಿದರು. ಇದನ್ನು ರಕ್ತವಿಲ್ಲದ ಕ್ರಾಂತಿ ಎಂದು ಕರೆಯುತ್ತಾರೆ, ಆದರೆ ಅದೇ ದಿನ ಗುಪ್ತ ಪೊಲೀಸರ ಕೇಂದ್ರ ಕಚೇರಿಯಿಂದ ಗುಂಡು ಹಾರಿ ನಾಲ್ವರು ಸತ್ತರು. ಆ ಬೀದಿಗೂ ನಿಮ್ಮನ್ನು ಕರೆದುಕೊಂಡು ಹೋಗಿದ್ದರೆ ನಿಮ್ಮ ಗೈಡ್ ಒಳ್ಳೆಯವರು ಎಂದೇ ನಾನು ಹೇಳುವುದು.

ಇದಕ್ಕೂ ನಮಗೂ ಎಂತ ಸಂಬಂಧ ಅಂತ ಕೇಳಬೇಡಿ. ಆ ಕ್ರಾಂತಿ ಆದ ವರ್ಷದ ಕೊನೆಗೇ ಪೋರ್ಚುಗಲ್, ಗೋವಾ ಭಾರತದ್ದು ಎಂದು ಒಪ್ಪಂದಕ್ಕೆ ಸಹಿ ಹಾಕಿತು. 1961ರಲ್ಲಿ ನಾವು ಗೋವಾ ಬಿಡಿಸಿಕೊಂಡಿದ್ದರೂ ಅಲ್ಲಿಯವರೆಗೆ ಅವರು ಒಪ್ಪಿರಲಿಲ್ಲ. ಇನ್ನು ಆ ತಟಸ್ಥ ಪೋರ್ಚುಗಲ್‌ನ ಬೇಹುಗಾರರ ಕಥೆ ನಮ್ಮ ಕರಾವಳಿಯವರೆಗೂ ಬಂದಿದೆ. ಮುಂದಿನ ಪ್ರಶ್ನೆಗೆ ಅದನ್ನೇ ಹೇಳುತ್ತೇನೆ.

ಪ್ರಶ್ನೆ: ಯುದ್ಧದ ಸಮಯದಲ್ಲಿ ಜಪಾನಿನ ಬೇಹುಗಾರರು ದೋಣಿಯಲ್ಲಿ ಬಂದು ಇಳಿದಿದ್ದರು ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು. ಮಂಗಳೂರಿನಲ್ಲಿ ನಿಜವಾಗಿ ಅಂಥದ್ದು ನಡೆದಿತ್ತಾ?
ಬಿ.ಎ. ವಿದ್ಯಾರ್ಥಿ, ಮುಲ್ಕಿ

ಉತ್ತರ: ನಿಮ್ಮ ಅಜ್ಜಿ ಸುಮ್ನೆ ಹೇಳಿದ್ದಲ್ಲ. ಅಂಥದ್ದು ಪಶ್ಚಿಮ ಕರಾವಳಿಯಲ್ಲಿ ನಡೆದಿದೆ. ಜಾಗ ಮಾತ್ರ ಮಂಗಳೂರಲ್ಲ, ಮಲಬಾರಿನ ತಾನೂರು. 1942ರ ಸೆಪ್ಟೆಂಬರ್ ಕೊನೆಗೆ ಜಪಾನಿನ ಜಲಾಂತರ್ಗಾಮಿಯಿಂದ ಇಳಿದ ಐವರು ರಬ್ಬರ್ ದೋಣಿಯಲ್ಲಿ ತಾನೂರಿನ ದಡ ಸೇರಿದರು. ಅವರು ಜಪಾನಿನವರಲ್ಲ, ನಮ್ಮವರೇ. ಮಲಯಾದಲ್ಲಿ ಕೆಲಸಕ್ಕಿದ್ದ ಹುಡುಗರು. ಪೆನಾಂಗಿನಲ್ಲಿ ತರಬೇತಿ ಪಡೆದು, ಬ್ರಿಟಿಷರನ್ನು ಓಡಿಸಬೇಕು ಎಂದು ಬಂದವರು. ಬಂದ ಕೂಡಲೇ ಸಿಕ್ಕಿಬಿದ್ದರು. ಇನ್ನೊಂದು ಗುಂಪು ಗುಜರಾತಿನ ಕಡೆ ಇಳಿದಿತ್ತು. ಶತ್ರು ಏಜೆಂಟರ ವಿರುದ್ಧ ಹೊರಡಿಸಿದ್ದ ಸುಗ್ರೀವಾಜ್ಞೆಯ ಅಡಿ ವಿಚಾರಣೆ ನಡೆದು, 1943ರ ಸೆಪ್ಟೆಂಬರ್ 10ರಂದು ಇವರಲ್ಲಿ ಕೆಲವರನ್ನು ಮದ್ರಾಸ್ ಜೈಲಿನಲ್ಲಿ ಗಲ್ಲಿಗೆ ಹಾಕಿದರು. ತಾನೂರಿನಲ್ಲಿ ಇಳಿದ ವಕ್ಕಂ ಖಾದರ್ ಆ ದಿನ ಗಲ್ಲಿಗೇರಿದವರಲ್ಲಿ ಒಬ್ಬರು. ಬ್ರಿಟಿಷ್ ಸರ್ಕಾರದ ಕಾಗದದಲ್ಲಿ ಅವರು ಶತ್ರುವಿನ ಬೇಹುಗಾರ. ಇವತ್ತು ಕೇರಳದಲ್ಲಿ ಅವರು ಹುತಾತ್ಮ. ನನಗೂ ಹುತಾತ್ಮರೇ.

ಆಗ ಮಲಬಾರ್ ಮತ್ತು ದಕ್ಷಿಣ ಕನ್ನಡ ಎರಡೂ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು. ರೈಲು ಹಳಿಯೂ ಒಂದೇ. ಮಂಗಳೂರಿಗೆ 1907ರಲ್ಲಿ ಬಂದ ಹಳಿ ತಾನೂರನ್ನು ದಾಟಿಕೊಂಡೇ ಬರುವುದು. ಸುದ್ದಿ ಆ ಹಳಿಯ ಮೇಲೆ ನಿಮ್ಮ ಅಜ್ಜಿಯವರೆಗೆ ಬಂದಿದ್ದರೆ ಆಶ್ಚರ್ಯವಿಲ್ಲ.

ಮಂಗಳೂರಿನಿಂದ ಉತ್ತರಕ್ಕೆ, ಗೋವಾದಲ್ಲಿ ನಡೆದದ್ದು ಬೇರೆ ಕಥೆ. 1939ರಲ್ಲಿ ಯುದ್ಧ ಶುರುವಾದಾಗ ಜರ್ಮನಿಯ ಮೂರು ಸರಕು ಹಡಗುಗಳು, ಆಮೇಲೆ ಇಟಲಿಯದೊಂದು, ಗೋವಾದ ಮುರ್ಮುಗಾಂವ್ ಬಂದರಿನಲ್ಲಿ ಆಶ್ರಯ ಪಡೆದವು. ಗೋವಾ ಪೋರ್ಚುಗೀಸರದ್ದು, ಅಂದರೆ ತಟಸ್ಥ ಜಾಗ. ಬ್ರಿಟಿಷರು ಮುಟ್ಟುವ ಹಾಗಿಲ್ಲ. ಅವುಗಳಲ್ಲಿ ಎಹ್ರೆನ್‌ಫೆಲ್ಸ್ ಎಂಬ ಹಡಗಿನಿಂದ ರಹಸ್ಯವಾಗಿ ರೇಡಿಯೊ ಸಂದೇಶ ಹೋಗುತ್ತಿದೆ, ಅದನ್ನು ಕೇಳಿ ಜರ್ಮನ್ ಜಲಾಂತರ್ಗಾಮಿಗಳು ಅರಬ್ಬಿ ಸಮುದ್ರದಲ್ಲಿ ಹಡಗು ಮುಳುಗಿಸುತ್ತಿವೆ ಎಂಬುದು ಬ್ರಿಟಿಷರ ಅನುಮಾನ. ಸೈನಿಕರನ್ನು ಕಳಿಸಿದರೆ ತಟಸ್ಥ ದೇಶದ ಮೇಲೆ ದಾಳಿ ಮಾಡಿದ ಹಾಗಾಗುತ್ತದೆ. ಹಾಗಾಗಿ ಕಲ್ಕತ್ತಾದ ಮೀಸಲು ಕುದುರೆಪಡೆಯ ನಡುವಯಸ್ಸಿನವರನ್ನು, ಬರೀ ಕಂಪನಿ ಕೆಲಸ ಮಾಡಿಕೊಂಡಿದ್ದ ಬಿಳಿಯರನ್ನು, ಕೊಚ್ಚಿಗೆ ಕರೆಸಿ ಫೀಬಿ ಎಂಬ ಬಂದರು ಕೆಲಸದ ದೋಣಿಗೆ ಹತ್ತಿಸಿದರು. 1943ರ ಮಾರ್ಚ್ 9ರ ರಾತ್ರಿ ಅವರು ಎಹ್ರೆನ್‌ಫೆಲ್ಸ್ ಹತ್ತಿದರು. ಹಡಗಿನ ಕಪ್ತಾನ ಸತ್ತ. ಸಿಬ್ಬಂದಿಯೇ ಹಡಗನ್ನು ಮುಳುಗಿಸಿದರು, ಬೆಂಕಿ ನೋಡಿ ಉಳಿದ ಮೂರು ಹಡಗಿನವರೂ ಅದನ್ನೇ ಮಾಡಿದರು. ಈ ವಿಷಯ ಮೂವತ್ತಕ್ಕೂ ಹೆಚ್ಚು ವರ್ಷ ಹೊರಗೆ ಬರಲಿಲ್ಲ.

ಕೊಚ್ಚಿಯಿಂದ ಗೋವಾಕ್ಕೆ ಸಮುದ್ರದಲ್ಲಿ ಹೋಗುವವರು ನಮ್ಮ ಕರಾವಳಿಯನ್ನು ದಾಟಿಯೇ ಹೋಗಬೇಕು. ಆ ಮಾರ್ಚಿನಲ್ಲಿ ಮಲ್ಪೆಯಲ್ಲೋ ಬೈಕಂಪಾಡಿಯಲ್ಲೋ ಬಲೆ ಎಳೆಯುತ್ತಿದ್ದವರಿಗೆ ದೂರದಲ್ಲಿ ಹೋಗುತ್ತಿದ್ದ ಆ ದೋಣಿ ಕಂಡಿದ್ದರೂ, ಅದು ಎಂತಕ್ಕೆ ಹೋಗುತ್ತಿದೆ ಅಂತ ಗೊತ್ತಾಗುವ ದಾರಿಯೇ ಇರಲಿಲ್ಲ.

ಪ್ರಶ್ನೆ: ವಿದೇಶದಲ್ಲಿ ಇರುವಂಥ ಕ್ರಾಂತಿಯ ನಡಿಗೆ ನಮ್ಮ ಮಂಗಳೂರಿನಲ್ಲಿ ಸಾಧ್ಯವಾ? ಎಲ್ಲಿಂದ ಶುರು ಮಾಡಬೇಕು? ಮಳಿಗೆ, ಮಾಲ್ ಬಿಟ್ಟರೆ ನೋಡುವುದಕ್ಕೆ ಎಂತ ಉಂಟು ಅಂತ ಮನೆಯಲ್ಲಿ ಎಲ್ಲರೂ ಕೇಳುತ್ತಾರೆ ಮಾರಾಯ್ರೆ.
ಓದುಗರೊಬ್ಬರು, ಬಿಜೈ

ಉತ್ತರ: ಖಂಡಿತ ಸಾಧ್ಯ. ನನ್ನನ್ನು ಕೇಳಿದರೆ ಶುರು ಬಾವುಟಗುಡ್ಡೆಯಿಂದಲೇ ಆಗಬೇಕು. ಮನೆಯವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಈ ಒಂದು ಕಥೆ ಹೇಳಿ ಸಾಕು.

1834ರಲ್ಲಿ ಬ್ರಿಟಿಷರು ಕೊಡಗಿನ ರಾಜ ಚಿಕ್ಕವೀರರಾಜೇಂದ್ರನನ್ನು ಇಳಿಸಿ ರಾಜ್ಯವನ್ನು ತೆಗೆದುಕೊಂಡರು. ಅಲ್ಲಿಯವರೆಗೆ ಕೊಡಗಿಗೆ ಸೇರಿದ್ದ ಅಮರ ಸುಳ್ಯದ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ರಾಜನ ಕಾಲದಲ್ಲಿ ರೈತರು ಕಂದಾಯವನ್ನು ಬೆಳೆಯ ರೂಪದಲ್ಲಿ ಕೊಡುತ್ತಿದ್ದರು. ಕಂಪನಿ ಸರ್ಕಾರ ಹಣದಲ್ಲೇ ಕೊಡಿ ಅಂತ ಪಟ್ಟು ಹಿಡಿಯಿತು. ಭತ್ತ, ಅಡಿಕೆ ಇದ್ದರೂ ಕೈಯಲ್ಲಿ ಕಾಸಿಲ್ಲದ ಜನ ಸಾಹುಕಾರರ ಬಾಗಿಲಿಗೆ ಹೋಗಬೇಕಾಯಿತು. ಸಿಟ್ಟು ಅಲ್ಲಿಂದ ಹುಟ್ಟಿತು.

ಈಗ ಬೇಹುಗಾರರ ಕಥೆಯಷ್ಟೇ ರೋಚಕವಾದ ಭಾಗ. ಕೊಡಗಿನ ರಾಜವಂಶದ ಹೆಸರು ಹೇಳಿಕೊಂಡು ಜನರನ್ನು ಒಟ್ಟುಮಾಡುತ್ತಿದ್ದ ಕಲ್ಯಾಣಸ್ವಾಮಿ ಎಂಬುವರನ್ನು ಬ್ರಿಟಿಷರು ಮೊದಲೇ ಹಿಡಿದು ಒಳಗೆ ಹಾಕಿದ್ದರು. ಆದರೆ ಕಲ್ಯಾಣಸ್ವಾಮಿ ಮತ್ತೆ ಕಾಣಿಸಿಕೊಂಡರು! ಪುಟ್ಟಬಸಪ್ಪ ಎಂಬ ಇನ್ನೊಬ್ಬರು ಅದೇ ಹೆಸರು ಹೊತ್ತು ಮುಂದೆ ನಿಂತಿದ್ದರು. ಹಿಂದೆ ನಿಂತು ಎಲ್ಲ ಏರ್ಪಾಡು ಮಾಡಿದವರು ಕೆದಂಬಾಡಿ ರಾಮಯ್ಯ ಗೌಡರು ಮತ್ತು ಅವರ ಜೊತೆಗಾರರು. ಫೋಟೋ ಇಲ್ಲದ ಕಾಲ, ರಾಜಕುಮಾರನ ಮುಖ ಯಾರಿಗೆ ಗೊತ್ತು? ಹೆಸರಿನ ಸುತ್ತ ಜನ ಸೇರಿದರು. 1837ರ ಮಾರ್ಚ್ ಕೊನೆಗೆ ಬೆಳ್ಳಾರೆಯ ಖಜಾನೆ ಅವರ ಕೈಗೆ ಬಂತು. ಅಲ್ಲಿಂದ ದಂಡು ಪುತ್ತೂರು, ಬಂಟ್ವಾಳ ದಾಟಿ ಇಳಿದು ಬಂತು, ದಾರಿಯುದ್ದಕ್ಕೂ ಜನ ಸೇರುತ್ತಾ ಹೋದರು, ನಂದಾವರದ ಬಂಗರಸ ಲಕ್ಷ್ಮಪ್ಪ ಕೂಡ ಸೇರಿಕೊಂಡರು. ದಂಡು ಬರುವ ಸುದ್ದಿಗೇ ಮಂಗಳೂರಿನ ಅಧಿಕಾರಿಗಳು ಕಂಗಾಲಾಗಿ ಕಣ್ಣೂರಿನ ಕಡೆ ಹಡಗು ಹತ್ತಿದರು. ಏಪ್ರಿಲ್ 5ರಂದು ಬಾವುಟಗುಡ್ಡೆಯ ಮೇಲೆ ಕಂಪನಿಯ ಬಾವುಟ ಇಳಿದು ರೈತರ ಬಾವುಟ ಏರಿತು. ಹದಿಮೂರು ದಿನ ಮಂಗಳೂರು ಅವರದ್ದಾಗಿತ್ತು. 1857ಕ್ಕೆ ಇನ್ನೂ ಇಪ್ಪತ್ತು ವರ್ಷ ಇತ್ತು ಎಂಬುದನ್ನು ಮಕ್ಕಳಿಗೆ ಅಲ್ಲೇ ನಿಲ್ಲಿಸಿ ಹೇಳಬೇಕು.

ಆಮೇಲೆ ಕಣ್ಣೂರು, ತಲಶ್ಶೇರಿ ಕಡೆಯಿಂದ ಸೈನ್ಯ ಬಂತು. ಕಲ್ಯಾಣಸ್ವಾಮಿ ಹೆಸರಿನ ಪುಟ್ಟಬಸಪ್ಪ, ಬಂಗರಸ ಇವರನ್ನೆಲ್ಲ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಬಂಡಾಯದ ಇನ್ನೊಬ್ಬ ನಾಯಕ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಆ ವರ್ಷದ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ಬಿಕರ್ನಕಟ್ಟೆಯಲ್ಲಿ ಬಸ್ಸಿಗೆ ಕಾಯುವವರಲ್ಲಿ ಎಷ್ಟು ಜನರಿಗೆ ಇದು ಗೊತ್ತು? ನನಗೆ ನಿಜಕ್ಕೂ ನೋವಾಗುವುದು ಇಲ್ಲೇ. ಬಾವುಟಗುಡ್ಡೆಯಲ್ಲಿ 2022ರಲ್ಲಿ ರಾಮಯ್ಯ ಗೌಡರ ಪ್ರತಿಮೆ ಬಂತು, ಒಳ್ಳೆಯದಾಯಿತು.

ಗುಡ್ಡೆ ಇಳಿದು ಹಂಪನಕಟ್ಟೆಗೆ ಬನ್ನಿ. ಹಳೆಯ ಸರ್ಕಾರಿ ಕಾಲೇಜು, ಈಗಿನ ವಿಶ್ವವಿದ್ಯಾಲಯ ಕಾಲೇಜು ಅಲ್ಲಿದೆ. ಕೋಟದ ಶಿವರಾಮ ಕಾರಂತರು ಗಾಂಧೀಜಿ ಕರೆಗೆ ಓಗೊಟ್ಟು ಓದು ಬಿಟ್ಟು ಹೊರಬಂದದ್ದು ಈ ಕಾಲೇಜಿನಿಂದ. ಅಲ್ಲಿಂದ ಕೆ.ಎಸ್. ರಾವ್ ರಸ್ತೆ. ದಿನಾ ಬಾಯಲ್ಲಿ ಬರುವ ಈ ಹೆಸರು ಕಾರ್ನಾಡ್ ಸದಾಶಿವರಾಯರದ್ದು. ಶ್ರೀಮಂತ ಮನೆತನದ ವಕೀಲರು. ಗಾಂಧೀಜಿಯ ಸತ್ಯಾಗ್ರಹದ ಪ್ರತಿಜ್ಞೆಗೆ ಕರ್ನಾಟಕದಿಂದ ಮೊದಲು ಸಹಿ ಹಾಕಿದವರು. ಇದ್ದದ್ದನ್ನೆಲ್ಲ ಚಳವಳಿಗೆ, ಬಡವರಿಗೆ, ಹೆಣ್ಣುಮಕ್ಕಳ ಓದಿಗೆ ಕೊಟ್ಟು, 1937ರಲ್ಲಿ ಬರಿಗೈಯಲ್ಲಿ ತೀರಿಕೊಂಡರು. ಬೆಂಗಳೂರಿನ ಸದಾಶಿವನಗರಕ್ಕೂ ಇವರದ್ದೇ ಹೆಸರು. ಆಮೇಲೆ ಕೇಂದ್ರ ಮೈದಾನ, ಈಗಿನ ನೆಹರೂ ಮೈದಾನ. ಗಾಂಧೀಜಿ ಮಂಗಳೂರಿಗೆ 1920, 1927 ಮತ್ತು 1934ರಲ್ಲಿ ಬಂದಿದ್ದರು ಎಂಬುದನ್ನು ಇಲ್ಲಿ ನೆನಪು ಮಾಡಿಕೊಳ್ಳಬಹುದು. ಆಮೇಲೆ ಹಾಗೇ ಬಂದರಿಗೆ ಇಳಿದರೆ ಮುಗಿಯಿತು.

ಸುಲ್ತಾನ್ ಬತ್ತೇರಿಯನ್ನು ನಡಿಗೆಗೆ ಸೇರಿಸಬೇಡಿ, ದೂರವಾಗುತ್ತದೆ. ಅದನ್ನು ಇನ್ನೊಂದು ಸಂಜೆಗೆ ಇಟ್ಟುಕೊಳ್ಳಿ. ಟಿಪ್ಪು 1784ರಲ್ಲಿ ಕಪ್ಪು ಕಲ್ಲಿನಲ್ಲಿ ಕಟ್ಟಿಸಿದ ಕಾವಲು ಗೋಪುರ ಅದು. ನದಿಯೊಳಗೆ ಯುದ್ಧನೌಕೆ ನುಗ್ಗದ ಹಾಗೆ ಕಣ್ಣಿಡುವುದಕ್ಕೆ ಮಾಡಿದ್ದು. ಗೋಡೆಯ ಕಿಂಡಿಗೆ ಕಣ್ಣಿಟ್ಟು ನೋಡಿ. ಹೊರಗಿನವರಿಗೆ ಒಳಗಿರುವವರು ಕಾಣುವುದಿಲ್ಲ, ಒಳಗಿರುವವರಿಗೆ ಹೊರಗಿನ ನೀರು ಕಾಣುತ್ತದೆ.

ಪ್ರಶ್ನೆ: ಒಂದು ನಡಿಗೆಯಲ್ಲಿ ಗೈಡ್ ಟಿಪ್ಪು ಕಾಲದ ಕಥೆ ಹೇಳುತ್ತಾ, ಇಲ್ಲಿನ ಕ್ರೈಸ್ತರು ಇಂಗ್ಲಿಷರ ಬೇಹುಗಾರರಾಗಿದ್ದರು ಅಂತ ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋದರು. ಮಗಳ ಜೊತೆ ಅವಳ ಕ್ಲಾಸಿನ ಕ್ರೈಸ್ತ ಗೆಳತಿಯೂ ಬಂದಿದ್ದಳು. ಆ ಮಗುವಿನ ಮುಖ ಸಣ್ಣದಾಯಿತು. ನಾನು ಎಂತ ಹೇಳಬೇಕಿತ್ತು?
ತಾಯಿಯೊಬ್ಬರು, ಕಂಕನಾಡಿ

ಉತ್ತರ: ಅಲ್ಲೇ ಗೈಡನ್ನು ನಿಲ್ಲಿಸಿ, ಯಾರು ಯಾರಿಗೆ ಯಾವ ಸುದ್ದಿ ಕೊಟ್ಟರು ಅಂತ ಕೇಳಬೇಕಿತ್ತು. ಕೇಳದೆ ಇದ್ದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ, ಮಗಳಿಗೂ ಆ ಗೆಳತಿಗೂ ಈಗಲೂ ಹೇಳಬಹುದು.

ನಡೆದದ್ದು ಹೀಗೆ. 1783ರ ಮಾರ್ಚಿನಲ್ಲಿ ಇಂಗ್ಲಿಷ್ ಸೇನೆ ಮಂಗಳೂರನ್ನು ಹಿಡಿಯಿತು. ಮೇ ತಿಂಗಳಲ್ಲಿ ಟಿಪ್ಪು ಬಂದು ಕೋಟೆಗೆ ಮುತ್ತಿಗೆ ಹಾಕಿದ. ಒಳಗೆ ಕರ್ನಲ್ ಕ್ಯಾಂಪ್‌ಬೆಲ್ ಮತ್ತು ಅವರ ಪಡೆ, ಅದರಲ್ಲಿ ನಮ್ಮ ಸಿಪಾಯಿಗಳೇ ಜಾಸ್ತಿ. ಮಳೆಗಾಲ ಕಳೆಯಿತು, ಆಹಾರ ಮುಗಿಯಿತು, ಕಾಯಿಲೆ ಹರಡಿತು. 1784ರ ಜನವರಿ 30ರಂದು ಕೋಟೆ ಶರಣಾಯಿತು. ಮಾರ್ಚ್ 11ರಂದು ಮಂಗಳೂರು ಒಪ್ಪಂದಕ್ಕೆ ಸಹಿ ಬಿತ್ತು. ಈ ಎರಡರ ನಡುವೆ, ಫೆಬ್ರವರಿಯಲ್ಲಿ, ಕ್ರೈಸ್ತರ ಉಪವಾಸ ಕಾಲ ಶುರುವಾಗುವ ವಿಭೂತಿ ಬುಧವಾರದ ಹೊತ್ತಿಗೆ, ಇಂಗ್ಲಿಷರಿಗೆ ಸಹಾಯ ಮಾಡಿದರು ಎಂಬ ಆರೋಪದ ಮೇಲೆ ಕರಾವಳಿಯ ಕ್ರೈಸ್ತರನ್ನು ಊರೂರಿನಿಂದ ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಹೆಂಗಸರು, ಮಕ್ಕಳು, ಮುದುಕರು ಸೇರಿ ಹತ್ತಾರು ಸಾವಿರ ಜನ. ದಾರಿಯಲ್ಲೇ ಎಷ್ಟೋ ಜನ ಸತ್ತರು. 1680ರಲ್ಲಿ ಕಟ್ಟಿದ್ದ ಮಿಲಾಗ್ರಿಸ್ ಇಗರ್ಜಿಯನ್ನು ಕೆಡವಿದರು. ಉಳಿದವರು ಮರಳಿದ್ದು 1799ರಲ್ಲಿ ಟಿಪ್ಪು ಮಡಿದ ಮೇಲೆ.

ಯಾರೋ ಕೆಲವರು ಇಂಗ್ಲಿಷರಿಗೆ ದುಡ್ಡೋ ಅಕ್ಕಿಯೋ ಕೊಟ್ಟಿರಬಹುದು. ಯುದ್ಧ ಬಂದಾಗ ಎಲ್ಲ ಸಮುದಾಯದವರಲ್ಲೂ ಅಂಥವರು ಇರುತ್ತಾರೆ. ಆದರೆ ತೊಟ್ಟಿಲ ಮಗು ಯಾವ ಸುದ್ದಿ ಮುಟ್ಟಿಸುತ್ತದೆ? ಆರೋಪವನ್ನು ಆರೋಪ ಎಂದೇ ಹೇಳಬೇಕು. ಗೈಡ್ ಆದವರು ಅದನ್ನು ತೀರ್ಪು ಮಾಡಿ ಹೇಳಿದರೆ, 1784ರಲ್ಲಿ ಆದ ಅನ್ಯಾಯ ಇವತ್ತು ಒಂದು ಮಗುವಿನ ಮೇಲೆ ಮತ್ತೆ ಆದ ಹಾಗೆ.

ನಮ್ಮ ಊರಿನಲ್ಲಿ ಇದು ಇನ್ನೊಂದು ಸಲವೂ ನಡೆದಿದೆ. 1834ರಲ್ಲಿ ಬಂದ ಬಾಸೆಲ್ ಮಿಷನ್ ಸ್ವಿಟ್ಜರ್ಲೆಂಡಿನದ್ದು, ಆದರೆ ಕೆಲಸ ಮಾಡುತ್ತಿದ್ದವರಲ್ಲಿ ಜರ್ಮನರು ಜಾಸ್ತಿ. ಕನ್ನಡದ ಮೊದಲ ಪತ್ರಿಕೆಯನ್ನು 1843ರಲ್ಲಿ ತಂದದ್ದು, ಕಿಟ್ಟೆಲ್ ನಿಘಂಟನ್ನು 1894ರಲ್ಲಿ ಅಚ್ಚು ಹಾಕಿದ್ದು, ಹಂಚಿನ ಕಾರ್ಖಾನೆ ಶುರು ಮಾಡಿದ್ದು ಇದೇ ಮಿಷನ್. 1914ರಲ್ಲಿ ಯುದ್ಧ ಶುರುವಾದ ಕೂಡಲೇ ಆ ಜರ್ಮನರು ಶತ್ರು ದೇಶದವರಾದರು. ಅವರನ್ನು ಶಿಬಿರಗಳಲ್ಲಿ ಇಟ್ಟು, ಆಮೇಲೆ ಗೋಲ್ಕೊಂಡಾ ಎಂಬ ಹಡಗಿನಲ್ಲಿ ಯುರೋಪಿಗೆ ಸಾಗಿಸಿದರು. ಕಾರ್ಖಾನೆಗಳು ಬೇರೆಯವರ ಕೈಗೆ ಹೋದವು. ಆ ಮಿಷನ್ ಇದ್ದ ಬಲ್ಮಠದ ಹತ್ತಿರ ಹೋದಾಗ ಇದನ್ನೂ ಮಕ್ಕಳಿಗೆ ಹೇಳಿ.

ಪ್ರಶ್ನೆ: ಖಾಕಿ ಬಟ್ಟೆ ಹುಟ್ಟಿದ್ದು ಮಂಗಳೂರಿನಲ್ಲಿ ಅಂತಾರಲ್ಲ, ಹೌದಾ?
ಪೊಲೀಸ್ ಇಲಾಖೆಯಿಂದ ನಿವೃತ್ತರು, ಉಡುಪಿ

ಉತ್ತರ: ಬಲ್ಮಠದ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ ಖಾಕಿ ಬಣ್ಣ ಹಾಕಿದ ಬಟ್ಟೆ ತಯಾರಿಸಿದ್ದು ನಿಜ, ಅದಕ್ಕೆ ದೊಡ್ಡ ಹೆಸರೂ ಬಂತು. ಆದರೆ ಹಾಲರ್ ಇಲ್ಲಿಗೆ ಬಂದದ್ದು 1851ರ ಹೊತ್ತಿಗೆ. ಅದಕ್ಕೂ ಮೊದಲೇ ಪೇಶಾವರದಲ್ಲಿ ಹ್ಯಾರಿ ಲಮ್ಸ್‌ಡೆನ್ ಕಟ್ಟಿದ ಗೈಡ್ಸ್ ಪಡೆಯವರು ಮಣ್ಣಿನ ಬಣ್ಣದ ಬಟ್ಟೆ ಹಾಕುತ್ತಿದ್ದರು. 1846ರಲ್ಲಿ ಶುರುವಾದ ಆ ಪಡೆಯ ಕೆಲಸವೇ ಮುಂದೆ ಹೋಗಿ ದಾರಿ ತೋರಿಸುವುದು, ಶತ್ರುವಿನ ಸುದ್ದಿ ತರುವುದು. ಕಣ್ಣಿಗೆ ಬೀಳಬಾರದು ಎಂಬುದಕ್ಕೇ ಆ ಬಣ್ಣ. ಹಾಗಾಗಿ ಖಾಕಿಯ ಕಥೆಯಲ್ಲಿ ಮಂಗಳೂರಿಗೆ ಒಳ್ಳೆ ಪಾಲು ಇದೆ, ತವರು ಅಂತ ಮಾತ್ರ ಹೇಳಲಾಗದು.

ಪ್ರಶ್ನೆ: ಮಂಗಳೂರಿನವರು ಯಾರಾದರೂ ಭೂಗತ ಕ್ರಾಂತಿಕಾರಿಗಳ ಜೊತೆ ಇದ್ದರಾ? ಬಂಗಾಳ, ಪಂಜಾಬಿನ ಹೆಸರೇ ಯಾವಾಗಲೂ ಕೇಳುವುದು.
ಶಿಕ್ಷಕಿ, ಬಂಟ್ವಾಳ

ಉತ್ತರ: ಇದ್ದರು. ಎಸ್.ವಿ. ಘಾಟೆ ಅಂತ ಕೇಳಿದ್ದೀರಾ? 1896ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ಭಾರತ ಕಮ್ಯುನಿಸ್ಟ್ ಪಕ್ಷದ ಮೊದಲ ಪ್ರಧಾನ ಕಾರ್ಯದರ್ಶಿ ಎಂದು ಇವರನ್ನೇ ಹೇಳುತ್ತಾರೆ. 1929ರ ಮಾರ್ಚ್ 20ರಂದು ದೇಶದ ಬೇರೆ ಬೇರೆ ಕಡೆ ಒಂದೇ ಸಲಕ್ಕೆ ಕಮ್ಯುನಿಸ್ಟರ, ಕಾರ್ಮಿಕ ನಾಯಕರ ಮನೆಗಳ ಮೇಲೆ ದಾಳಿ ಮಾಡಿ ಮೀರತ್ ಪಿತೂರಿ ಪ್ರಕರಣ ಎಂಬ ಕೇಸು ಹಾಕಿದರಲ್ಲ, ಅದರಲ್ಲಿ ಘಾಟೆ ಕೂಡ ಆರೋಪಿ. ಆ ಕೇಸು ನಿಂತದ್ದೇ ಕಾಗದಗಳ ಮೇಲೆ. ಇವರು ಬರೆದ, ಇವರಿಗೆ ಬಂದ ಪತ್ರಗಳನ್ನು ಪೊಲೀಸರು ಅಂಚೆಯಲ್ಲೇ ತೆಗೆದು, ಫೋಟೋ ಹಿಡಿದು, ಮತ್ತೆ ಅಂಟಿಸಿ ಮುಂದೆ ಕಳಿಸುತ್ತಿದ್ದರು. ಪತ್ರ ತಲುಪಿದವರಿಗೆ ಗೊತ್ತೇ ಆಗುತ್ತಿರಲಿಲ್ಲ. ವಿಚಾರಣೆ ವರ್ಷಗಟ್ಟಲೆ ನಡೆದು 1933ರಲ್ಲಿ ಘಾಟೆಯವರಿಗೆ 12 ವರ್ಷದ ಶಿಕ್ಷೆ ಬಿತ್ತು. ಅದೇ ವರ್ಷ ಮೇಲ್ಮನವಿಯಲ್ಲಿ ಕಡಿಮೆಯಾಯಿತು.

ಕಮಲಾದೇವಿ ಚಟ್ಟೋಪಾಧ್ಯಾಯ ನಿಮಗೆ ಗೊತ್ತೇ ಇರುತ್ತಾರೆ. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು, ಉಪ್ಪಿನ ಸತ್ಯಾಗ್ರಹದಲ್ಲಿ ಮುಂಬಯಿಯ ಬೀದಿಗಿಳಿದವರು. ಅವರ ಗಂಡನ ಅಣ್ಣ ವೀರೇಂದ್ರನಾಥ ಚಟ್ಟೋಪಾಧ್ಯಾಯ ಮೊದಲ ಮಹಾಯುದ್ಧದಲ್ಲಿ ಬರ್ಲಿನ್ ಸಮಿತಿ ಕಟ್ಟಿ, ಭಾರತದಲ್ಲಿ ಬಂಡಾಯ ಎಬ್ಬಿಸಲು ಜರ್ಮನಿಯ ಹಣ, ಆಯುಧ ತರಿಸಲು ಓಡಾಡಿದವರು. ಬ್ರಿಟಿಷ್ ಗುಪ್ತಚರರು ವರ್ಷಗಟ್ಟಲೆ ಇವರ ಬೆನ್ನು ಬಿದ್ದಿದ್ದರು. ಬ್ರಿಟಿಷರಿಂದ ತಪ್ಪಿಸಿಕೊಂಡ ಮನುಷ್ಯ ಕೊನೆಗೆ 1937ರಲ್ಲಿ ಸ್ಟಾಲಿನ್ ಕಾಲದ ರಷ್ಯಾದಲ್ಲಿ ಗುಂಡಿಗೆ ಬಲಿಯಾದರು. ಮಂಗಳೂರಿನ ಮನೆಮಗಳು ಸೊಸೆಯಾಗಿ ಹೋದದ್ದು ಇಂಥ ಮನೆಗೆ.

ಇನ್ನೊಂದನ್ನು ಪಾಠದಲ್ಲಿ ತಪ್ಪದೆ ಹೇಳಿ, ಟೀಚರ್. ಕಾಸರಗೋಡು ಸೀಮೆಯ ಕಯ್ಯೂರು. ಈಗ ಕೇರಳದಲ್ಲಿದ್ದರೂ 1956ರವರೆಗೆ ಕಾಸರಗೋಡು ನಮ್ಮ ಜಿಲ್ಲೆಯದ್ದೇ. 1941ರ ಮಾರ್ಚ್ 28ರಂದು ರೈತರ ಮೆರವಣಿಗೆಗೆ ಸಿಕ್ಕಿಬಿದ್ದ ಒಬ್ಬ ಪೊಲೀಸ್ ಹೊಳೆಗೆ ಹಾರಿ ಸತ್ತ. ಯುದ್ಧದ ಸಮಯ, ಸರ್ಕಾರ ಕೆರಳಿತು. ಕೇಸು ನಡೆದದ್ದು ಮಂಗಳೂರಿನ ಕೋರ್ಟಿನಲ್ಲಿ. ಮಠತ್ತಿಲ್ ಅಪ್ಪು, ಚಿರುಕಂಡನ್, ಕುಂಞಂಬು ನಾಯರ್, ಅಬೂಬಕ್ಕರ್ ಎಂಬ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಗೋವಾದಲ್ಲಿ ಆ ಹಡಗುಗಳು ಮುಳುಗಿ ಮೂರು ವಾರವೂ ಆಗಿರಲಿಲ್ಲ.

ಪ್ರಶ್ನೆ: ವಯಸ್ಸಾದ ಅಮ್ಮನನ್ನು ಇಂಥ ನಡಿಗೆಗೆ ಕರೆದುಕೊಂಡು ಹೋಗಬಹುದಾ? ಯಾವ ತಿಂಗಳು ಒಳ್ಳೆಯದು?
ಓದುಗರೊಬ್ಬರು, ಸುರತ್ಕಲ್

ಉತ್ತರ: ಡಿಸೆಂಬರ್, ಜನವರಿ. ಬೆಳಿಗ್ಗೆ ಬೇಗ ಶುರು ಮಾಡಿ. ಒಂಬತ್ತು ಗಂಟೆ ದಾಟಿದರೆ ನಮ್ಮ ಸೆಕೆಯಲ್ಲಿ ಹಿರಿಯರು ಬಳಲುತ್ತಾರೆ. ಬಾವುಟಗುಡ್ಡೆಗೆ ರಿಕ್ಷಾದಲ್ಲಿ ಹೋಗಿ ಅಲ್ಲಿಂದ ಇಳಿಯುತ್ತಾ ಬನ್ನಿ, ಹತ್ತುವ ಕಷ್ಟ ಇರುವುದಿಲ್ಲ. ಹಂಪನಕಟ್ಟೆಯಲ್ಲಿ ಬನ್ಸ್, ಚಹಾ ಕುಡಿದು ಅಮ್ಮನನ್ನು ಅಲ್ಲೇ ಕೂರಿಸಿ ಉಳಿದವರು ಬಂದರಿನವರೆಗೆ ಹೋಗಿ ಬರಬಹುದು. ಮಳೆಗಾಲದಲ್ಲಿ ಮಾತ್ರ ಬೇಡ. ಜಾರುವ ಫುಟ್‌ಪಾತ್, ತುಂಬಿ ಹರಿಯುವ ಚರಂಡಿ ನಡುವೆ ಇತಿಹಾಸ ಯಾರ ಕಿವಿಗೂ ಬೀಳುವುದಿಲ್ಲ.

ಪ್ರಶ್ನೆ: ನಾನೇ ಇಂಥ ನಡಿಗೆ ಶುರು ಮಾಡಬೇಕೆಂದಿದ್ದೇನೆ. ಕಥೆಗಳು ಸಾಕಷ್ಟು ಸಿಗುತ್ತವೆ, ಆದರೆ ನಿಜ ಯಾವುದು ಎಂದು ನೋಡುವುದು ಎಲ್ಲಿ?
ಯುವತಿ, ಮಣಿಪಾಲ

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೇ ನಿಮ್ಮ ನಡಿಗೆಗೆ ನಾನು ಬರುತ್ತೇನೆ ತಂಗಿ.

ಮೊದಲು ಮಂಗಳೂರಿನಲ್ಲೇ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಗ್ರಂಥಾಲಯಕ್ಕೆ ಹೋಗಿ, ಬಾಸೆಲ್ ಮಿಷನ್‌ನ ಹಳೆಯ ಕಡತ, ಪುಸ್ತಕಗಳು ಅಲ್ಲಿವೆ. ಆಮೇಲೆ ಚೆನ್ನೈ. ನಮ್ಮ ಜಿಲ್ಲೆ 1956ರವರೆಗೆ ಮದ್ರಾಸಿಗೆ ಸೇರಿದ್ದರಿಂದ, ಆ ಕಾಲದ ಸರ್ಕಾರಿ ದಾಖಲೆಗಳು ಎಗ್ಮೋರಿನ ತಮಿಳುನಾಡು ಪತ್ರಾಗಾರದಲ್ಲಿ ಸಿಗುತ್ತವೆ. ಪ್ರಾಂತ್ಯ ಸರ್ಕಾರಗಳು ಹದಿನೈದು ದಿನಕ್ಕೊಮ್ಮೆ ದೆಹಲಿಗೆ ಗುಪ್ತ ವರದಿ ಕಳಿಸುತ್ತಿದ್ದವು. ಯಾವ ಊರಲ್ಲಿ ಯಾರು ಭಾಷಣ ಮಾಡಿದರು, ಜನ ಎಷ್ಟು ಸೇರಿದರು, ಯಾವ ಪತ್ರಿಕೆ ಏನು ಬರೆಯಿತು ಎಲ್ಲವೂ ಅದರಲ್ಲಿ ಬರುತ್ತದೆ. ನಮ್ಮ ಹೋರಾಟಗಾರರ ಬಗ್ಗೆ ಎಷ್ಟೋ ವಿವರ ಉಳಿದಿರುವುದು ಅವರ ಮೇಲೆ ಕಣ್ಣಿಟ್ಟಿದ್ದವರ ಬರಹದಲ್ಲಿ. ಆದರೆ ಅದನ್ನು ಹಾಗೇ ನಂಬಬೇಡಿ. ಸುದ್ದಿ ಕೊಡುವುದೇ ಉದ್ಯೋಗವಾದವರು, ಲಿಸ್ಬನ್‌ನಲ್ಲಿ ಪುಜೋಲ್ ಮಾಡಿದ ಹಾಗೆ, ಸುದ್ದಿ ಇಲ್ಲದ ವಾರವೂ ಏನೋ ಒಂದು ಬರೆಯುತ್ತಾರೆ. ಅದೇ ವಾರದ ಕನ್ನಡ ಪತ್ರಿಕೆ, ಆ ಮನೆತನದವರ ನೆನಪು, ಕೋರ್ಟಿನ ಕಾಗದ, ಇವುಗಳಲ್ಲಿ ಕನಿಷ್ಠ ಎರಡು ತಾಳೆಯಾದರೆ ಜನರ ಮುಂದೆ ಹೇಳಿ. ತಾಳೆಯಾಗದಿದ್ದರೆ, ಊರಿನವರು ಹೀಗೆ ಹೇಳುತ್ತಾರೆ ಎಂದು ಹೇಳಿ, ಅದರಲ್ಲಿ ತಪ್ಪೇನಿಲ್ಲ.

ಒಂದು ನಡಿಗೆಗೆ ಹದಿನೈದು ಜನಕ್ಕಿಂತ ಜಾಸ್ತಿ ಸೇರಿಸಬೇಡಿ, ಹಂಪನಕಟ್ಟೆಯ ಬಸ್ಸಿನ ಹಾರ್ನ್ ಮಧ್ಯೆ ಹಿಂದಿನ ಸಾಲಿಗೆ ಕೇಳುವುದಿಲ್ಲ. ತಾರೀಖು ಗೊತ್ತಾದ ಮೇಲೆ ಪತ್ರಿಕೆಗೆ ಬರೆದು ತಿಳಿಸಿ.